ನಾರ್ಮನ್ ಬೇಟ್ಸ್‌ಗೆ ‘ಪಾಪ’ ಅನ್ನಬಹುದಾ?

ಸಂಜೆಮಲ್ಲಿಗೆ, ಮೈಸೂರು

ಶನಿವಾರ ರಾತ್ರಿ ಅಪ್ಪನ ಜೊತೆ ಕೂತು ಹಿಚ್‌ಕಾಕ್‌ನ ‘ಸೈಕೋ’ ನೋಡಿದೆ. 1960ರ ಕಪ್ಪು ಬಿಳುಪು ಸಿನಿಮಾ. ಅಪ್ಪ ಕಾಲೇಜಿನ ದಿನಗಳಲ್ಲಿ ಒಮ್ಮೆ ನೋಡಿದ್ದರಂತೆ, ನನಗೆ ಮೊದಲ ಸಲ. ಕಥೆ ಗೊತ್ತಿಲ್ಲದವರು ದಯವಿಟ್ಟು ನೋಡಿಕೊಂಡು ಬನ್ನಿ, ಇಲ್ಲಿ ಎಲ್ಲ ಗುಟ್ಟೂ ಬಯಲಾಗುತ್ತೆ.

ಕೊನೆಗೆ, ಹೆದ್ದಾರಿ ಪಕ್ಕ ಮೋಟೆಲ್ ಅನ್ನೋ ವಸತಿಗೃಹ ನಡೆಸ್ತಿದ್ದ ನಾರ್ಮನ್ ಕೊಲೆಗಾರ ಅಂತ ಸಿಕ್ಕಿಬಿದ್ದು ಪೊಲೀಸರ ವಶದಲ್ಲಿ, ಒಂದು ಖಾಲಿ ಕೋಣೆಯಲ್ಲಿ, ಕಂಬಳಿ ಹೊದ್ದು ಗೋಡೆಗೆ ಆತು ಕೂತಿರ್ತಾನೆ. ಅವನೊಳಗೆ ಅವನೇ ಉಳಿದಿಲ್ಲ, ಸತ್ತುಹೋದ ತಾಯಿಯ ದನಿ ಮಾತ್ರ ಕೇಳುತ್ತೆ. ನನ್ನ ಬಾಯಿಂದ ತಾನಾಗೇ ‘ಅಯ್ಯೋ ಪಾಪ’ ಅಂತ ಬಂತು. ಅಪ್ಪ ನನ್ನ ಕಡೆ ತಿರುಗಿ, “ಯಾರಿಗಮ್ಮಾ ಪಾಪ? ಆ ಹುಡುಗಿ ಸತ್ತಾಗ ನೀನು ಕಿರುಚಿದೆ, ಅಷ್ಟೆ. ಅವಳಿಗೆ ಪಾಪ ಅನ್ನಲಿಲ್ಲವಲ್ಲ” ಅಂದರು.

ಆ ಮಾತು ಎರಡು ದಿನದಿಂದ ಕೊರೀತಾ ಇದೆ. ನಿಜ, ದುಡ್ಡು ಕದ್ದು ಓಡಿಬಂದು ನಾರ್ಮನ್‌ನ ಮೋಟೆಲಿನಲ್ಲಿ ಇಳಿದ ಮೇರಿಯನ್ ಕ್ರೇನ್ ಬಚ್ಚಲಲ್ಲಿ ಕೊಲೆಯಾಗಿ ಸತ್ತಾಗ ನನಗೆ ಆದದ್ದು ಭಯ. ನಾರ್ಮನ್‌ನ ನೋಡಿದಾಗ ಆದದ್ದು ಸಂಕಟ. ಯಾಕೆ ಹೀಗೆ?

ನನಗೆ ಅವನ ಮೇಲೆ ಮರುಕ ಶುರುವಾದದ್ದು ಎಲ್ಲಿ ಅಂತ ನೆನಪಿದೆ. ಮಳೆ ಸುರೀತಿದೆ. ಹೆದ್ದಾರಿ ಬೇರೆ ಕಡೆ ಹೋಗಿ ಯಾರೂ ಬಾರದ ಮೋಟೆಲ್. ಹನ್ನೆರಡು ಕೋಣೆ, ಹನ್ನೆರಡೂ ಖಾಲಿ. ಹಸಿದು ಬಂದವಳಿಗೆ ಅವನು ಸ್ಯಾಂಡ್‌ವಿಚ್ಚು, ಹಾಲು ತಂದುಕೊಡ್ತಾನೆ. ಕೋಣೆ ತೋರಿಸುವಾಗ ‘ಬಚ್ಚಲು’ ಅನ್ನೋ ಪದ ಅವನ ಬಾಯಿಂದ ಹೊರಡೋದೇ ಇಲ್ಲ, ಅವಳೇ ಹೇಳಿ ಮುಗಿಸಬೇಕು. ಅಂಥ ಸಂಕೋಚದ ಹುಡುಗ. ಐದು ವರ್ಷದವನಿದ್ದಾಗ ಅಪ್ಪ ಹೋದ. ಮುಂದೆ ಅಮ್ಮನೇ ಅವನ ಇಡೀ ಲೋಕ. ನಾವೆಲ್ಲ ನಮ್ಮ ನಮ್ಮ ಬೋನಿನಲ್ಲಿ ಸಿಕ್ಕಿಬಿದ್ದಿದ್ದೀವಿ ಅಂತಾನೆ. ಅದನ್ನ ಹೇಳೋವಾಗ ಅವನು ನಟಿಸ್ತಾ ಇಲ್ಲ.

ನಮ್ಮ ಭಾಷೆಯಲ್ಲಿ ಪಾಪ ಅಂದರೆ ಮಾಡಿದ ತಪ್ಪೂ ಹೌದು, ಅಯ್ಯೋ ಅನ್ನುವ ಮರುಕವೂ ಹೌದು. ಒಬ್ಬನ ಮೇಲೇ ಎರಡೂ ಪದ ಹೇಳಬಹುದಾ? ನಿಮಗೇನನ್ನಿಸುತ್ತೆ?

ಹಳೇಟಾಕೀಸು, ದಾವಣಗೆರೆ

ಮಗಳೇ, ನಾನು ಇಪ್ಪತ್ತಾರು ವರ್ಷ ಪ್ರೊಜೆಕ್ಟರ್ ರೂಮಿನಲ್ಲಿ ಕೆಲಸ ಮಾಡಿದವನು. ಈ ಸಿನಿಮಾ ನಮ್ಮಲ್ಲಿ ಬೆಳಗಿನ ಆಟಕ್ಕೆ ಬಂದಿತ್ತು. ಆಪರೇಟರ್‌ಗಳಿಗೆ ಒಂದು ಅಭ್ಯಾಸ ಇರುತ್ತೆ, ಪರದೆ ನೋಡೋದಿಲ್ಲ, ಗಾಜಿನ ಕಿಂಡಿಯಿಂದ ಜನರನ್ನ ನೋಡ್ತೀವಿ. ನಾಲ್ಕು ಆಟ ಕಳೆಯೋ ಹೊತ್ತಿಗೆ ಯಾವ ಜಾಗದಲ್ಲಿ ಸೀಟಿ, ಯಾವ ಜಾಗದಲ್ಲಿ ಕೆಮ್ಮು ಅಂತ ಬಾಯಿಪಾಠ ಆಗಿರುತ್ತೆ.

ಆ ಸಿನಿಮಾದಲ್ಲಿ ನಾನು ಕಾಯ್ತಾ ಇದ್ದದ್ದು ಬಚ್ಚಲಮನೆಯ ಕೊಲೆಗಲ್ಲ. ಅದಾದ ಮೇಲಿನ ಜಾಗಕ್ಕೆ. ನಾರ್ಮನ್ ಬಂದು ಹೆಣ ನೋಡಿ ಬಾಯಿ ಮುಚ್ಚಿಕೊಳ್ತಾನೆ. ಆಮೇಲೆ ಮಾಪು, ಬಕೆಟ್ಟು ತಂದು ಒರೆಸೋಕೆ ನಿಲ್ತಾನೆ. ತೊಟ್ಟಿ ತೊಳೀತಾನೆ, ಕೈ ತೊಳ್ಕೋತಾನೆ, ಹೆಣವನ್ನ ಬಚ್ಚಲಿನ ಪರದೆಯಲ್ಲಿ ಸುತ್ತಿ ಕಾರಿನ ಡಿಕ್ಕಿಗೆ ಹಾಕ್ತಾನೆ. ಒಂದು ಮಾತಿಲ್ಲ, ನಿಮಿಷಗಟ್ಟಲೆ ಬರೀ ಕೆಲಸ. ನೋಡೋವ್ರು ಅವನ ಜೊತೆ ಕೆಲಸಕ್ಕೆ ಇಳಿದುಬಿಡ್ತಾರೆ. ಕೊನೆಗೆ ಕಾರನ್ನ ಕೆಸರುಮಡುವಿಗೆ ತಳ್ತಾನೆ. ಕಾರು ಮುಳುಗ್ತಾ ಮುಳುಗ್ತಾ ಅರ್ಧಕ್ಕೆ ನಿಂತುಬಿಡುತ್ತೆ! ಅವನು ಏನೋ ಜಗೀತಿದ್ದವನು ಜಗಿಯೋದು ನಿಲ್ಲಿಸ್ತಾನೆ, ಆ ಕಡೆ ಈ ಕಡೆ ನೋಡ್ತಾನೆ.

ಆ ಕ್ಷಣದಲ್ಲಿ ಇಡೀ ಥಿಯೇಟರು ಉಸಿರು ಬಿಗಿಹಿಡೀತಿತ್ತು. ಗಾಂಧಿ ಕ್ಲಾಸಿನಲ್ಲಿ ಒಬ್ಬರಾದರೂ “ಮುಳುಗು, ಮುಳುಗು” ಅಂತಿದ್ದರು. ಕಾರು ಮುಳುಗಿದಾಗ ‘ಹ್ಹಾ’ ಅಂತ ನಿಟ್ಟುಸಿರು. ಹತ್ತು ನಿಮಿಷದ ಹಿಂದೆ ಸತ್ತ ಹೆಣ್ಣುಮಗಳ ಹೆಣ ಅದರೊಳಗಿದೆ. ಅದು ಯಾರಿಗೂ ಸಿಗದಿರಲಿ ಅಂತ ನಾವೇ ಬೇಡಿಕೊಂಡೆವು.

ಇದು ನಿರ್ದೇಶಕ ಬೇಕಂತಲೇ ಮಾಡಿದ ಕೆಲಸ. ಮುಕ್ಕಾಲು ಗಂಟೆ ಮೇರಿಯನ್‌ಳ ಹಿಂದೆ ನಮ್ಮನ್ನ ಕರೆದುಕೊಂಡು ಹೋಗಿ, ಅವಳನ್ನ ಕೊಂದು, ನಮ್ಮ ಕೈಯನ್ನ ನಾರ್ಮನ್ ಕೈಗೆ ಇಟ್ಟುಬಿಡ್ತಾನೆ. ಹಿಡಿದುಕೊಳ್ಳೋಕೆ ಬೇರೆ ಕೈಯೇ ಇಲ್ಲ. ಇನ್ನೊಂದು ವಿಷಯ. ರಾಬರ್ಟ್ ಬ್ಲಾಕ್ 1959ರಲ್ಲಿ ಬರೆದ ಮೂಲ ಕಾದಂಬರಿಯ ನಾರ್ಮನ್ ನಲವತ್ತರ ದಪ್ಪ ಮನುಷ್ಯ, ಕುಡುಕ. ಸಿನಿಮಾದವರು ಅವನನ್ನ ತೆಗೆದು ಆಂಥೊನಿ ಪರ್ಕಿನ್ಸ್ ಅನ್ನೋ ತೆಳ್ಳನೆಯ, ನಾಚಿಕೆಯ ಹುಡುಗನನ್ನ ತಂದರು. ನಿನ್ನ ಬಾಯಲ್ಲಿ ಬಂದ ಪಾಪ ಅನ್ನೋ ಪದದಲ್ಲಿ ಅರ್ಧ ಆ ಮುಖದ್ದು. ಆ ಕಾದಂಬರಿಯ ದಪ್ಪ ಕುಡುಕನೇ ಕಂಬಳಿ ಹೊದ್ದು ಕೂತಿದ್ದರೆ ಅಂದಿರ್ತಿದ್ದೆಯಾ? ಯೋಚನೆ ಮಾಡು.

ಕಪ್ಪುಕೋಟು, ಹುಬ್ಬಳ್ಳಿ

ನೋಡ್ರಿ, ನಾ ನೇರ ಹೇಳ್ತೇನಿ. ಅವನಿಗೆ ಪಾಪ ಅನ್ನಾಕ ನನಗ ಮನಸ್ಸಿಲ್ಲ.

ಎಲ್ಲಾರೂ “ಅವನಲ್ಲ, ಅವನೊಳಗಿನ ಅವ್ವ ಕೊಂದಾಳ” ಅಂತಾರ. ಛಲೋ. ಹಂಗಾರ ಗ್ವಾಡಿ ಒಳಗಿನ ತೂತು ಯಾರು ಕೊರದದ್ದ್ರಿ? ಚಿತ್ರಪಟ ಸರಿಸಿ, ಆ ಹುಡುಗಿ ಅರಿವಿ ಬದಲಿ ಮಾಡೂದನ್ನ ಕಣ್ಣಿಟ್ಟು ನೋಡಾಂವ ನಾರ್ಮನ್. ಆವಾಗ ಅವನ ಮೈಮ್ಯಾಲೆ ಯಾವ ಅವ್ವನೂ ಇಲ್ಲ. ಕೀಲಿಕೈ ಕೊಡೂ ಮುಂದಿನ ಕೈ ನೋಡ್ರಿ. ಮೊದಲ ಬ್ಯಾರೆ ಕೀಲಿ ಕಡೆ ಹೋಗಿ, ತಡದು, ಆಮ್ಯಾಲೆ ಒಂದನೇ ನಂಬರಿನ ಕೋಣಿ ಕೀಲಿ ತಗೊಂತಾನ. ಆ ಕೋಣಿ ಆಫೀಸಿನ ಮಗ್ಗಲ ಐತಿ, ತೂತು ಇರೂದೂ ಅದಕ್ಕ. ಅದು ಜಡ್ಡಲ್ಲ್ರಿ, ಅದು ಲೆಕ್ಕಾಚಾರ.

ಇನ್ನೊಂದು. ಹತ್ತು ವರ್ಷದ ಹಿಂದ ಹಡದವ್ವನ್ನ, ಆಕಿ ಕೂಡ ಇದ್ದ ಗಂಡಸನ್ನ ವಿಷಾ ಹಾಕಿ ಕೊಂದಾಂವ ಇವನ. ಅವ್ವ ಬ್ಯಾರೆಯವನ್ನ ಮೆಚ್ಚಿದ್ಲು ಅನ್ನೂ ಹೊಟ್ಟಿಕಿಚ್ಚಿಗೆ. ಊರಮಂದಿ, ಆಕೀನ ಅವಗ ವಿಷಾ ಕೊಟ್ಟು ತಾನೂ ಸತ್ಲು ಅಂತ ತಿಳಕೊಂಡ್ರು. ಹತ್ತು ವರ್ಷ ಆ ಕೆಟ್ಟ ಹೆಸರು ಆ ಸತ್ತ ಹೆಣ್ಣಮಗಳ ಮ್ಯಾಲೆ ಉಳೀತು. ಇಂವ ಬಾಯಿ ಬಿಡಲಿಲ್ಲ. ಮೇರಿಯನ್‌ಕಿಂತ ಮೊದಲ ಇನ್ನೂ ಇಬ್ಬರು ಹುಡುಗ್ಯಾರು ಕಾಣಿ ಆಗಿದ್ರು ಅಂತ ಕಡೀಕ ಗೊತ್ತಾಗ್ತದ. ಅವರ ಹೆಸರೂ ಸಿನಿಮಾದಾಗ ಇಲ್ಲ. ಆ ಇಬ್ಬರಿಗೆ ಯಾರು ಪಾಪ ಅನ್ನಾವ್ರು?

ತಂಗಿ, ನಿಮ್ಮ ಅಪ್ಪಾರು ಹೇಳಿದ್ದು ನನಗ ಖರೇ ಅನ್ನಸ್ತದ.

ತುಂಗಾತೀರ, ಶಿವಮೊಗ್ಗ

ಕಪ್ಪುಕೋಟು ಸರ್ ಹೇಳಿದ ತೂತಿನ ವಿಷಯ ನಾನು ಮರೆತೇಬಿಟ್ಟಿದ್ದೆ. ಅದು ಬಲವಾದ ವಾದ.

ಆದರೂ ಒಂದು ಹೋಲಿಕೆ. 2004ರ ‘ಆಪ್ತಮಿತ್ರ’ ನೋಡಿ ನಮ್ಮ ಮನೆಯಲ್ಲಿ ಅತ್ತವರಿದ್ದಾರೆ. ಸೌಂದರ್ಯ ಮಾಡಿದ ಗಂಗಾ ಪಾತ್ರಕ್ಕೂ ಇಂಥದ್ದೇ ಕಾಯಿಲೆ, ತನ್ನೊಳಗೆ ಇನ್ನೊಬ್ಬಳು ಬಂದು ಕೂತಿದ್ದಾಳೆ. ಅವಳನ್ನ ಯಾರೂ ಖಳನಾಯಕಿ ಅನ್ನಲಿಲ್ಲ. ವಿಷ್ಣುವರ್ಧನ್ ಮಾಡಿದ ಮನೋವೈದ್ಯ ಅವಳ ಸೇಡಿಗೆ ಒಂದು ಗೊಂಬೆ ಒದಗಿಸಿ, ಅದನ್ನ ಕೊಂದು ಅವಳು ತಣ್ಣಗಾಗೋ ಹಾಗೆ ಮಾಡ್ತಾನೆ. ಎದ್ದಾಗ ಮತ್ತೆ ಗಂಗಾ ಆಗಿರ್ತಾಳೆ. ಸೌಂದರ್ಯ ಆ ಸಿನಿಮಾ ತೆರೆಗೆ ಬರೋ ಮೊದಲೇ ತೀರಿಕೊಂಡಿದ್ದರಿಂದ ನಮ್ಮ ಅಳುವಿಗೆ ಇನ್ನೊಂದು ಕಾರಣವೂ ಸೇರಿತ್ತು.

ಗಂಗಾಗೂ ನಾರ್ಮನ್‌ಗೂ ಏನು ವ್ಯತ್ಯಾಸ? ಕಾಯಿಲೆಯದ್ದಲ್ಲ. ಅವಳಿಗೆ ಸಮಯಕ್ಕೆ ಒಬ್ಬ ಗೆಳೆಯ ಸಿಕ್ಕ, ಗೊಂಬೆ ಸಿಕ್ಕಿತು. ಇವನಿಗೆ ಯಾರೂ ಸಿಗಲಿಲ್ಲ, ಸಿಕ್ಕವಳು ಮೇರಿಯನ್. ರಕ್ತ ಹರಿಯದಿದ್ದಾಗ ಮರುಕ ತೋರಿಸೋದು ಸುಲಭ. ನನ್ನ ಮರುಕಕ್ಕೆ ಅಷ್ಟೇ ಗಟ್ಟಿತನವಾ ಅಂತ ನನ್ನನ್ನೇ ಕೇಳಿಕೊಳ್ತಿದ್ದೀನಿ.

ತುಂಬೆಹೂವು, ಹಾಸನ

ಬರೆಯೋದೋ ಬೇಡವೋ ಅಂತ ಎರಡು ದಿನ ಯೋಚಿಸಿದೆ. ಬರೀತೀನಿ.

ನನ್ನ ತಮ್ಮನಿಗೆ ಹತ್ತೊಂಬತ್ತನೇ ವಯಸ್ಸಿಗೆ ಸ್ಕಿಜೋಫ್ರೇನಿಯಾ ಅಂತ ಗೊತ್ತಾಯಿತು. ಈಗ ಮೂವತ್ನಾಲ್ಕು. ನಾರ್ಮನ್‌ನ ಕಾಯಿಲೆ ಬೇರೆ, ಇವನದ್ದು ಬೇರೆ. ಆದರೆ ನಮ್ಮ ಬೀದಿಗೆ ಆ ವ್ಯತ್ಯಾಸ ಗೊತ್ತಿಲ್ಲ. ಅವನು ಓದ್ತಿದ್ದ ಕಾಲೇಜಿನಲ್ಲಿ ಹುಡುಗರು ಅವನನ್ನ ಕರೀತಿದ್ದ ಹೆಸರೇ ‘ಸೈಕೋ’. ಆ ಸಿನಿಮಾ ಅವರ್‍ಯಾರೂ ನೋಡಿರಲಿಲ್ಲ. ಸಿನಿಮಾದ ಹೆಸರು ಮಾತ್ರ ಅಮೆರಿಕದಿಂದ ನಮ್ಮ ಊರಿನ ಬಸ್‌ಸ್ಟ್ಯಾಂಡಿನವರೆಗೆ ಬಂದು, ಒಬ್ಬ ಹುಡುಗನ ಬೆನ್ನಿಗೆ ಅಂಟಿಕೊಂಡಿತು.

ನೀವೆಲ್ಲ ಸ್ಯಾಂಡ್‌ವಿಚ್ ಅಂತೀರಿ. ನನಗೆ ಆ ದೃಶ್ಯದಲ್ಲಿ ಕಾಣೋದು ಬೇರೆ. ಮೇರಿಯನ್ ತುಂಬ ಮೆತ್ತಗೆ, ಅಮ್ಮನನ್ನ ಎಲ್ಲಾದರೂ ಸೇರಿಸಬಹುದಲ್ಲ ಅಂತಾಳೆ. ಆಸ್ಪತ್ರೆ ಅನ್ನೋ ಮಾತೂ ಆಡೋದಿಲ್ಲ, ‘ಎಲ್ಲಾದರೂ’. ನಾರ್ಮನ್ ಮುಂದಕ್ಕೆ ಬಾಗ್ತಾನೆ, ಮುಖ ಬದಲಾಗುತ್ತೆ. ಅಂಥ ಜಾಗದೊಳಗಿನ ನಗು, ಅಳು, ನಮ್ಮನ್ನೇ ಅಳೆಯೋ ಕ್ರೂರ ಕಣ್ಣುಗಳು ನಿಮಗೇನು ಗೊತ್ತು ಅನ್ನೋ ಅರ್ಥದಲ್ಲಿ ಮಾತಾಡ್ತಾನೆ. ನನ್ನ ತಮ್ಮ ಒಮ್ಮೆ ಸರಿಸುಮಾರು ಇದೇ ಮಾತು ಆಡಿದ್ದ. ಮನೆಗೆ ಬಂದ ನೆಂಟರೊಬ್ಬರು ಕಾಫಿ ಕುಡೀತಾ, ಅವನು ಎದುರಿಗೇ ಕೂತಿರುವಾಗ, “ಎಲ್ಲಾದ್ರೂ ಸೇರಿಸಿಬಿಡಿ” ಅಂದಿದ್ದರು. ಅವನು ಎದ್ದು ಹಿತ್ತಲಿಗೆ ಹೋಗಿ ಸಂಜೆವರೆಗೆ ಬಾವಿಕಟ್ಟೆ ಹತ್ತಿರ ನಿಂತಿದ್ದ. ನಾನು ಪಕ್ಕದಲ್ಲೇ ನಿಂತಿದ್ದೆ. ಅವತ್ತಿಡೀ ಅವನು ಯಾರಿಗೂ ಏನೂ ಮಾಡಲಿಲ್ಲ. ಅವನು ಏನಾದರೂ ಮಾಡಿಕೊಂಡಾನು ಅಂತ ಹೆದರಿ ನಿಂತಿದ್ದವಳು ನಾನು.

ಇನ್ನೊಬ್ಬರು, “ಹುಚ್ಚು ಬಿಡೋವರೆಗೂ ಮದುವೆ ಆಗಲ್ಲ, ಮದುವೆ ಆಗೋವರೆಗೂ ಹುಚ್ಚು ಬಿಡಲ್ಲ” ಅನ್ನೋ ಗಾದೆ ಹೇಳಿ ಹೆಣ್ಣು ಹುಡುಕೋಕೆ ಹೊರಟಿದ್ದರು. ಅಮ್ಮ ಕೈಮುಗಿದು ನಿಲ್ಲಿಸಿದಳು.

ಕಪ್ಪುಕೋಟು ಸರ್, ನಿಮ್ಮ ಸಿಟ್ಟು ನನಗೆ ಅರ್ಥ ಆಗುತ್ತೆ. ನಾರ್ಮನ್ ಮಾಡಿದ್ದನ್ನ ನಾನು ಸಮರ್ಥಿಸ್ತಿಲ್ಲ. ಆದರೆ ‘ಇಂಥವರಿಗೆ ಮರುಕ ಯಾಕೆ’ ಅನ್ನೋ ಮಾತು ನಾರ್ಮನ್‌ವರೆಗೆ ಹೋಗಿ ಅಲ್ಲೇ ನಿಲ್ಲೋದಿಲ್ಲ. ಅವನು ಕಥೆಯಲ್ಲಿರೋನು, ಅವನಿಗೆ ಆ ಮಾತು ಕೇಳಿಸೋದೂ ಇಲ್ಲ. ನಮ್ಮನೇಲಿರೋನಿಗೆ ಕೇಳಿಸುತ್ತೆ.

ಸಂಜೆಮಲ್ಲಿಗೆ, ಮೈಸೂರು

ಅಕ್ಕಾ, ನಿಮ್ಮ ಬರಹ ಓದಿ ಅಪ್ಪನಿಗೂ ಓದಿ ಹೇಳಿದೆ. ಅಪ್ಪ ತುಂಬ ಹೊತ್ತು ಸುಮ್ಮನಿದ್ದು, “ಆ ಹುಡುಗ ಈಗ ಹೇಗಿದ್ದಾನಂತೆ ಕೇಳು” ಅಂದರು.

ತುಂಬೆಹೂವು, ಹಾಸನ

ಚೆನ್ನಾಗಿದ್ದಾನೆ ತಂಗಿ. ಮಾತ್ರೆ ತಪ್ಪಿಸೋದಿಲ್ಲ. ಬೆಳಿಗ್ಗೆ ಹಾಲಿನ ಡೇರಿಯಲ್ಲಿ ಲೆಕ್ಕ ಬರೀತಾನೆ, ಅಕ್ಷರ ನನಗಿಂತ ದುಂಡಗಿದೆ. ಅಪ್ಪನಿಗೆ ನಮಸ್ಕಾರ ಹೇಳು.

ಕಪ್ಪುಕೋಟು, ಹುಬ್ಬಳ್ಳಿ

ಅಕ್ಕಾರ, ನಿಮ್ಮ ಮಾತು ಮನಸ್ಸಿಗೆ ನಾಟಿತು. ನಿಮ್ಮ ತಮ್ಮನಂಥಾವರ ಬಗ್ಗೆ ನಾ ಅಂದಿದ್ದಲ್ಲ. ಆದ್ರ ಹಂಗ ಕೇಳಸ್ತದ ಅನ್ನೂದು ನನಗ ಹೊಳದಿರಲಿಲ್ಲ. ಕ್ಷಮಿಸ್ರಿ.

ನಾ ಮೂವತ್ತು ವರ್ಷ ಕ್ರಿಮಿನಲ್ ಕೇಸು ನಡಸ್ಯೇನಿ. ಕಾನೂನು ಮರುಕದ ಮಾತು ಆಡೂದಿಲ್ಲ, ಒಂದ ಪ್ರಶ್ನಿ ಕೇಳ್ತದ. ಆ ಕ್ಷಣಕ್ಕ ಅವಗ ತಾ ಏನು ಮಾಡಾಕತ್ತೇನಿ ಅನ್ನೂದು ತಿಳೀತಿತ್ತೋ ಇಲ್ಲೋ? ತಿಳದಿದ್ರ, ಅದು ತಪ್ಪು ಅಂತ ಗೊತ್ತಿತ್ತೋ ಇಲ್ಲೋ? ಇಂಗ್ಲೆಂಡಿನ 1843ರ ಮೆಕ್‌ನಾಟನ್ ಪ್ರಕರಣದಿಂದ ಬಂದ ಅಳತಿಗೋಲು ಅದು. ನಮ್ಮ 1860ರ ದಂಡಸಂಹಿತೆಯೊಳಗ 84ನೇ ಕಲಂ ಆಗಿತ್ತು, ಈಗ ಭಾರತೀಯ ನ್ಯಾಯ ಸಂಹಿತೆಯೊಳಗ 22ನೇ ಕಲಂ. ಬುದ್ಧಿ ಸ್ಥಿಮಿತದಾಗ ಇರಲಿಲ್ಲ ಅಂತ ತೋರಸೂ ಜವಾಬ್ದಾರಿ ಆರೋಪಿದು. ಕೃತ್ಯದ ಹಿಂದ, ಮುಂದ ಅವ ಹ್ಯಾಂಗ ನಡಕೊಂಡ ಅನ್ನೂದನ್ನೂ ನೋಡಬೇಕು ಅಂತ 1964ರ ದಾಹ್ಯಾಭಾಯಿ ಪ್ರಕರಣದಾಗ ಸುಪ್ರೀಂ ಕೋರ್ಟ್ ಹೇಳೈತಿ.

ಈಗ ನಾರ್ಮನ್‌ನ ಕಟಕಟೆಯೊಳಗ ನಿಲ್ಲಸ್ರಿ. ಸರ್ಕಾರಿ ವಕೀಲ ಏನಂತಾನ? “ಸ್ವಾಮಿ, ರಕ್ತ ಒರಸ್ಯಾನ, ಕಾರು ಮುಳಗಿಸ್ಯಾನ, ಪತ್ತೇದಾರನ ಮುಂದ ಸುಳ್ಳು ಹೇಳ್ಯಾನ. ಬುದ್ಧಿ ಇಲ್ಲದಾಂವ ಸಾಕ್ಷಿ ನಾಶ ಮಾಡ್ತಾನೇನ್ರಿ?” ಮೇಲ್ನೋಟಕ್ಕ ಗಟ್ಟಿ ಮಾತು. ಆದ್ರ ನಾ ಅವನ ವಕೀಲ ಆಗಿದ್ರ ಹೇಳೂದು ಇಷ್ಟ: ಅಂವ ಒರಸಿದ್ದು ತನ್ನ ಕೊಲಿಯನ್ನ ಅಲ್ಲ, ಅವ್ವನ ಕೊಲಿಯನ್ನ. ರಕ್ತ ಕಂಡು ಅವ್ವನ್ನ ಕೂಗಿ ಒದರತಾನಲ್ಲ, ಅಲ್ಲಿ ನಾಟಕ ಇಲ್ಲ. ಅವಗ ಖರೇನ ಆಕಿ ಮಾಡಿದ್ದು. ಅವ್ವನ್ನ ಉಳಸಾಕ ಒರಸ್ಯಾನ. ನಿನ್ನೆ ರಾತ್ರಿ ಇದನ್ನ ವಿಚಾರ ಮಾಡಿಕೋತ ಕುಂತೆ. ಮೇರಿಯನ್ ಕೊಲಿಯೊಳಗ ಅವಗ ಶಿಕ್ಷಾ ಆಗೂದು ಕಠಿಣ. ಹತ್ತು ವರ್ಷದ ಹಿಂದಿನ ಜೋಡಿಕೊಲಿಯೊಳಗ ಮಾತ್ರ ನಾ ಅವನ ಪರ ನಿಲ್ಲಾಂವ ಅಲ್ಲ. ಅಲ್ಲಿ ಅವ್ವ ಇನ್ನೂ ಜೀವಂತ ಇದ್ದಳು, ಅವನ ತಲಿಯೊಳಗ ಬಂದಿರಲಿಲ್ಲ.

ಹಂಗಂತ, ಹುಚ್ಚು ಅಂತ ಸಾಬೀತಾದ್ರ ಮನಿಗೆ ಕಳಸ್ತಾರ ಅಂತ ಯಾರೂ ತಿಳಕೊಬ್ಯಾಡ್ರಿ. ಕೋರ್ಟು ಅವನ್ನ ಸುರಕ್ಷಿತ ಕಸ್ಟಡಿಗೆ ಒಪ್ಪಸ್ತದ. ಅದು ಎಷ್ಟು ವರ್ಷ ಅಂತ ಯಾರೂ ಹೇಳಾಕ ಬರೂದಿಲ್ಲ.

ಬಿಳಿಸೀರೆ, ಧಾರವಾಡ

ನಾನು ನಿವೃತ್ತ ಸ್ಟಾಫ್ ನರ್ಸ್. ಕೆಲಸದ ಬಹುಪಾಲು ಮಾನಸಿಕ ರೋಗಿಗಳ ವಾರ್ಡಿನಲ್ಲಿ ಕಳೆಯಿತು. ಯಾವ ಆಸ್ಪತ್ರೆ ಅಂತ ಹೇಳುವುದಿಲ್ಲ.

ಮೊದಲು ಕಾಯಿಲೆಯ ಮಾತು. ಸಿನಿಮಾದ ಕೊನೆಯಲ್ಲಿ ಡಾಕ್ಟರು ನಿಂತು ವಿವರಿಸುತ್ತಾರಲ್ಲ, ಒಂದೇ ದೇಹದಲ್ಲಿ ಎರಡು ವ್ಯಕ್ತಿ ಅಂತ, ಅದಕ್ಕೆ ಈಗ ವಿಘಟಿತ ವ್ಯಕ್ತಿತ್ವದ ತೊಂದರೆ ಎನ್ನುತ್ತಾರೆ. ಅದು ಹೆಚ್ಚಾಗಿ ಎಳೆವಯಸ್ಸಿನಲ್ಲಿ ತಡೆಯಲಾಗದ ಹಿಂಸೆ ಅನುಭವಿಸಿದವರಲ್ಲಿ ಕಾಣಿಸಿಕೊಳ್ಳುತ್ತದೆ. ನಮ್ಮ ಕಡೆ ಇದಕ್ಕೆ ಹತ್ತಿರದ್ದು ಬರುವುದು ‘ಮೈಮೇಲೆ ಬಂದಿದೆ’, ‘ಗಾಳಿ ಸೋಕಿದೆ’ ಎಂಬ ರೂಪದಲ್ಲಿ. ಹೆಚ್ಚಿನವರು ಹೆಣ್ಣುಮಕ್ಕಳು. ಬಾಯಿಬಿಟ್ಟು ಹೇಳಲಾಗದ್ದನ್ನು ಇನ್ನೊಬ್ಬರ ದನಿಯಲ್ಲಿ ಹೇಳುತ್ತಿದ್ದರು. ಅವರಲ್ಲಿ ಒಬ್ಬರೂ ಚಾಕು ಹಿಡಿದಿದ್ದನ್ನು ನಾನು ನೋಡಿಲ್ಲ. ಮೈಮೇಲೆ ಬರೆ ಹಾಕಿಸಿಕೊಂಡು, ಬೇವಿನ ಸೊಪ್ಪಿನಿಂದ, ಚಾಟಿಯಿಂದ ಹೊಡೆಸಿಕೊಂಡು ಬಂದದ್ದನ್ನು ನೋಡಿದ್ದೇನೆ. ಅವರಿಂದ ಬೇರೆಯವರಿಗೆ ಆಗುವ ಅಪಾಯಕ್ಕಿಂತ ಬೇರೆಯವರಿಂದ ಅವರಿಗೆ ಆಗುವ ಅಪಾಯ ದೊಡ್ಡದು. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರವಾಡಿಯಲ್ಲಿ ಬೆಂಕಿ ಬಿತ್ತು. 28 ಮಂದಿ ಮನೋರೋಗಿಗಳು ಸತ್ತರು. ಓಡಿಹೋಗಲು ಆಗಲಿಲ್ಲ, ಕಾಲಿಗೆ ಸರಪಳಿ ಇತ್ತು. ಆ ದಿನ ನಾನು ಡ್ಯೂಟಿಯಲ್ಲಿದ್ದೆ. ಸುದ್ದಿ ತಿಳಿದ ಮೇಲೆ ನಮ್ಮ ವಾರ್ಡಿನಲ್ಲಿ ಯಾರಿಗೂ ಊಟ ಸೇರಲಿಲ್ಲ. ಈಗ 2017ರ ಮಾನಸಿಕ ಆರೋಗ್ಯ ಕಾಯ್ದೆ ಸರಪಳಿ ಕಟ್ಟುವುದನ್ನು ಪೂರ್ತಿ ನಿಷೇಧಿಸಿದೆ. ಅಷ್ಟು ಹೊತ್ತು ಬೇಕಾಯಿತು.

ಇನ್ನು ನಾರ್ಮನ್. ನನ್ನ ವಾರ್ಡಿನಲ್ಲಿ ಒಬ್ಬ ರೋಗಿ ಇದ್ದರು, ವಯಸ್ಸಾದವರು, ಸಿಟ್ಟಿನಲ್ಲಿ ಒಂದು ಜೀವ ತೆಗೆದು ಕೋರ್ಟಿನ ಮೂಲಕ ನಮ್ಮಲ್ಲಿಗೆ ಬಂದವರು. ಸಂಜೆ ಚಹಾ ಕೊಡುವಾಗ ಎರಡು ಲೋಟ ಕೇಳುತ್ತಿದ್ದರು. ಒಂದನ್ನು ಕುಡಿದು, ಇನ್ನೊಂದನ್ನು ಮಂಚದ ಕೆಳಗೆ ಇಡುತ್ತಿದ್ದರು. ಹೊಸದಾಗಿ ಬಂದ ಸಿಸ್ಟರ್ ಒಬ್ಬಳು ಬೈದು ಒಂದೇ ಲೋಟ ಕೊಟ್ಟಳು. ಅವತ್ತು ಅವರು ಕುಡಿಯದೆ ಆ ಒಂದನ್ನೇ ಮಂಚದ ಕೆಳಗೆ ಇಟ್ಟರು. ಯಾರಿಗಾಗಿ ಎಂದು ನಾನು ಕೇಳಿದೆ. ಸತ್ತವನ ಹೆಸರು ಹೇಳಿದರು.

ನನಗೆ ಅವರ ಮೇಲೆ ಮರುಕ ಇತ್ತೇ? ಇತ್ತು. ಸತ್ತವನ ಹೆಂಡತಿ ಬಂದು ನನ್ನ ಮುಂದೆ ನಿಂತಿದ್ದರೆ ನಾನು ತಲೆ ಎತ್ತಿ ಆ ಮಾತು ಹೇಳುತ್ತಿದ್ದೆನೇ? ಇಲ್ಲ.

ನೀವೆಲ್ಲ ನೋಡಿದ ಆ ಕೊನೆಯ ದೃಶ್ಯದ ಬಾಗಿಲ ಹತ್ತಿರ ಒಂದು ಸಣ್ಣ ಸಂಗತಿ ಇದೆ. ಒಬ್ಬ ಪೊಲೀಸಿನವನು ಬಂದು, ಅವನಿಗೆ ಸ್ವಲ್ಪ ಚಳಿಯಾಗುತ್ತಿದೆ, ಈ ಕಂಬಳಿ ಕೊಡಬಹುದೇ ಎಂದು ಕೇಳುತ್ತಾನೆ. ಕೊಡು ಎನ್ನುತ್ತಾರೆ. ಕೊಡುತ್ತಾನೆ. ಒಳಗಿನಿಂದ ತಾಯಿಯ ದನಿಯಲ್ಲಿ ಒಂದು ಥ್ಯಾಂಕ್ಸ್ ಕೇಳುತ್ತದೆ. ಆ ಪೊಲೀಸಿನವನು ಕೊಲೆಯನ್ನು ಸಣ್ಣದು ಮಾಡಲಿಲ್ಲ, ಬಾಗಿಲನ್ನೂ ತೆರೆದು ಬಿಡಲಿಲ್ಲ. ಚಳಿಯಾಗುವವನಿಗೆ ಕಂಬಳಿ ಕೊಟ್ಟ. ನಾನು ಮೂವತ್ತು ವರ್ಷ ಮಾಡಿದ್ದು ಅದೇ ಕೆಲಸ.

ದೂರದೂರು, ಕ್ಯಾಲಿಫೋರ್ನಿಯಾ

ಸಿಸ್ಟರ್, ನಮಸ್ಕಾರ. ನಿಮ್ಮ ಬರಹ ಓದಿದ ಮೇಲೆ ನನಗೊಂದು ನೆನಪಾಯಿತು.

ನಾರ್ಮನ್‌ನ ಆ ಗುಡ್ಡದ ಮೇಲಿನ ಮನೆ, ಕೆಳಗಿನ ಮೋಟೆಲ್, ಎರಡೂ ಲಾಸ್ ಏಂಜಲೀಸ್‌ನ ಯೂನಿವರ್ಸಲ್ ಸ್ಟುಡಿಯೋ ಅಂಗಳದಲ್ಲಿವೆ. ಟಿಕೆಟ್ ತೆಗೆದುಕೊಂಡು ಟ್ರಾಮಿನಂಥ ಗಾಡಿಯಲ್ಲಿ ಕೂತರೆ ಅಲ್ಲಿಗೆ ಕರೆದೊಯ್ಯುತ್ತಾರೆ. ಊರಿಂದ ಅತ್ತೆ ಮಾವ ಬಂದಿದ್ದಾಗ ಹೋಗಿದ್ದೆವು. ಮೋಟೆಲ್ ಎದುರು ಗಾಡಿ ನಿಧಾನ ಆಗುತ್ತೆ. ನಾರ್ಮನ್ ವೇಷದ ನಟ ಕೋಣೆಯಿಂದ ಹೆಣ ಹೊತ್ತು ತಂದು ಡಿಕ್ಕಿಗೆ ಹಾಕ್ತಾನೆ. ನಮ್ಮನ್ನ ನೋಡ್ತಾನೆ, ಚಾಕು ಹಿಡಿದು ಗಾಡಿಯ ಕಡೆ ಬರ್ತಾನೆ. ಜನ ಕಿರುಚಿ, ನಕ್ಕು, ಫೋಟೋ ತೆಗೀತಾರೆ. ನಾನೂ ತೆಗೆದೆ.

ಅತ್ತೆ ಮಾತ್ರ ನಗಲಿಲ್ಲ. ಅವರಿಗೆ ಸಿನಿಮಾ ಗೊತ್ತಿಲ್ಲ. “ಆ ಡಿಕ್ಕಿಯಲ್ಲಿ ಹಾಕಿದ್ದು ಯಾರನ್ನ?” ಅಂತ ಕೇಳಿದರು. ಒಬ್ಬ ಹುಡುಗಿ ಅಂದೆ. “ಅವಳದ್ದೇನು ಕಥೆ?” ಅಂದರು. ನಾನು ಹೇಳೋಕೆ ಶುರುಮಾಡುವಷ್ಟರಲ್ಲಿ ಗಾಡಿ ಮುಂದೆ ಹೋಗಿತ್ತು.

ನಾರ್ಮನ್‌ಗೆ ಒಂದು ಮನೆ ಇದೆ, ಪ್ರತಿದಿನ ಅವನ ವೇಷ ಹಾಕೋಕೆ ಒಬ್ಬ ನಟ ಇದ್ದಾನೆ, 2013ರಿಂದ 2017ರವರೆಗೆ ಐದು ಸೀಸನ್ ಅವನ ಹರೆಯದ ಕಥೆಯೇ ಟಿವಿಯಲ್ಲಿ ಬಂತು. ಮೇರಿಯನ್‌ಗೆ ಆ ಡಿಕ್ಕಿ.

ತುಂಗಾತೀರ, ಶಿವಮೊಗ್ಗ

ಇದು ಕಥೆಯಲ್ಲಿ ಮಾತ್ರ ನಡೆದದ್ದಲ್ಲ. ಬ್ಲಾಕ್‌ನ ಕಾದಂಬರಿಯ ಹಿಂದೆ ವಿಸ್ಕಾನ್ಸಿನ್‌ನ ಪ್ಲೇನ್‌ಫೀಲ್ಡ್ ಅನ್ನೋ ಸಣ್ಣ ಊರಿನ ಎಡ್ ಗೀನ್‌ನ ನೆರಳಿದೆ. 1957ರ ನವೆಂಬರ್‌ನಲ್ಲಿ ಸಿಕ್ಕಿಬಿದ್ದ. ಅವನಿಗೂ ತಾಯಿಯೇ ಎಲ್ಲ, ಆಕೆ 1945ರಲ್ಲಿ ಸತ್ತ ಮೇಲೆ ಒಂಟಿ. ವಿಚಾರಣೆ ಎದುರಿಸುವ ಸ್ಥಿತಿಯಲ್ಲಿಲ್ಲ ಅಂತ ಆಸ್ಪತ್ರೆಗೆ ಹಾಕಿದರು. 1968ರಲ್ಲಿ ವಿಚಾರಣೆ ನಡೆದು, ಕೊಂದದ್ದು ಹೌದು, ಆದರೆ ಬುದ್ಧಿ ಸ್ಥಿಮಿತದಲ್ಲಿರಲಿಲ್ಲ ಅಂತ ತೀರ್ಪಾಯಿತು. 1984ರಲ್ಲಿ ಆಸ್ಪತ್ರೆಯಲ್ಲೇ ಸತ್ತ.

ಅವನ ಹೆಸರು ಹೇಳಿದರೆ ಭಯದ ಸಿನಿಮಾ ನೋಡೋ ಎಲ್ಲರಿಗೂ ಗೊತ್ತು. ಅವನು ಕೊಂದ ಇಬ್ಬರ ಹೆಸರು ನಾನು ಹುಡುಕಿ ಓದಬೇಕಾಯಿತು. ಬರ್ನಿಸ್ ವೋರ್ಡನ್, ಊರಿನ ಹಾರ್ಡ್‌ವೇರ್ ಅಂಗಡಿ ನಡೆಸ್ತಿದ್ದವರು. ಮೇರಿ ಹೋಗನ್, ಒಂದು ಬಾರ್ ನಡೆಸ್ತಿದ್ದವರು. ಇಬ್ಬರೂ ದುಡಿದು ತಿನ್ನೋ ಹೆಣ್ಣುಮಕ್ಕಳು. ಕಪ್ಪುಕೋಟು ಸರ್ ಕೇಳಿದ ಪ್ರಶ್ನೆಗೆ ನನ್ನಿಂದಾದ ಉತ್ತರ ಇಷ್ಟೇ.

ಹಳೇಟಾಕೀಸು, ದಾವಣಗೆರೆ

ಎಲ್ಲರದ್ದೂ ಓದಿದೆ. ಒಂದು ವಿಷಯ ಸೇರಿಸ್ತೀನಿ.

1983ರಲ್ಲಿ ಇದರ ಎರಡನೇ ಭಾಗ ಬಂತು. ನಾರ್ಮನ್ 22 ವರ್ಷದ ಮೇಲೆ ಗುಣವಾಗಿದ್ದಾನೆ ಅಂತ ಹೊರಗೆ ಬರ್ತಾನೆ. ಮೇರಿಯನ್‌ಳ ತಂಗಿ ಲೀಲಾ, ಬಿಡಬೇಡಿ ಅಂತ ಜನರ ಸಹಿ ಸಂಗ್ರಹಿಸಿಕೊಂಡು ಬಂದು ಕೋರ್ಟಿನಲ್ಲಿ ಕೂಗಾಡ್ತಾಳೆ. ಅಕ್ಕನನ್ನ ಕಳೆದುಕೊಂಡವಳು, ಅವಳ ಸಂಕಟ ಸುಳ್ಳಲ್ಲ. ಆಮೇಲೆ ಅವಳು, ಅವಳ ಮಗಳು ಸೇರಿ, ತಾಯಿಯ ಹೆಸರಲ್ಲಿ ಚೀಟಿ ಬರೆದು, ಫೋನು ಮಾಡಿ ಅವನಿಗೆ ಮತ್ತೆ ಹುಚ್ಚು ಹಿಡಿಸೋಕೆ ನೋಡ್ತಾರೆ. ಅವನು ಹೋಟೆಲಿನಲ್ಲಿ ಕೆಲಸ ಮಾಡ್ಕೊಂಡು ಸರಿಯಾಗಿ ಬಾಳೋಕೆ ಒದ್ದಾಡ್ತಿರ್ತಾನೆ.

ಅದನ್ನ ನೋಡಿದಾಗ ನನಗೆ ನೆನಪಾದದ್ದು ನಮ್ಮ ‘ಶರಪಂಜರ’. ತ್ರಿವೇಣಿಯವರ ಕಾದಂಬರಿ, ಪುಟ್ಟಣ್ಣನವರ 1971ರ ಚಿತ್ರ. ಕಲ್ಪನಾ ಮಾಡಿದ ಕಾವೇರಿ ಯಾರನ್ನೂ ಕೊಂದವಳಲ್ಲ, ಆಸ್ಪತ್ರೆಗೆ ಹೋಗಿ ಗುಣವಾಗಿ ಬಂದವಳು. ಆದರೂ ಮನೆಯವರು, ನೆರೆಯವರು ಅವಳನ್ನ ನೋಡೋ ನೋಟ ಬದಲಾಗಲಿಲ್ಲ. ಗಂಡನೂ ದೂರವಾದ. ಕೊನೆಗೆ ಅವಳು ಮತ್ತೆ ಅದೇ ಕತ್ತಲೆಗೆ ಹೋದಳು. ಆ ಚಿತ್ರ ಬಿಟ್ಟು ಹೊರಬರೋ ಹೆಂಗಸರ ಮುಖ ನಾನು ಕಂಡಿದ್ದೀನಿ. ಸೆರಗಿನಿಂದ ಬಾಯಿ ಮುಚ್ಚಿಕೊಂಡು ಬರ್ತಿದ್ದರು, ಮಾತಿಲ್ಲ. ಕಾವೇರಿಗೆ ಪಾಪ ಅನ್ನೋಕೆ ಯಾರಿಗೂ ಕಷ್ಟ ಆಗಲಿಲ್ಲ. ತುಂಬೆಹೂವಿನ ತಮ್ಮ ನಮ್ಮ ನಾಡಿನ ಕಾವೇರಿ ಕಡೆಯವನು, ನಾರ್ಮನ್ ಕಡೆಯವನಲ್ಲ. ಆ ಹುಡುಗನಿಗೆ ನಾರ್ಮನ್‌ನ ಹೆಸರಿಟ್ಟದ್ದು ನಾವು ಮಾಡಿದ ದೊಡ್ಡ ತಪ್ಪು.

ಕಪ್ಪುಕೋಟು, ಹುಬ್ಬಳ್ಳಿ

ಹಿರಿಯರ ಮಾತು ಒಪ್ಪಿದೆ. ಆದ್ರೂ ತೂತಿನ ಬಗ್ಗೆ ಯಾರೂ ಉತ್ತರಾ ಕೊಡಲಿಲ್ಲ ನೋಡ್ರಿ. ಅದಕ್ಕ ನಾ ಇನ್ನೂ ಪಾಪ ಅನ್ನೂದಿಲ್ಲ.

ಸಂಜೆಮಲ್ಲಿಗೆ, ಮೈಸೂರು

ಸರ್, ಅದಕ್ಕೆ ನನ್ನ ಹತ್ರಾನೂ ಉತ್ತರ ಇಲ್ಲ. ಆ ತೂತು ನಾರ್ಮನ್‌ದೇ.

ನಿನ್ನೆ ರಾತ್ರಿ ಅಪ್ಪ, ನಾನು ಮತ್ತೆ ನೋಡಿದೆವು. ಈ ಸಲ ಮೇರಿಯನ್‌ನ ಮಾತ್ರ ನೋಡಬೇಕು ಅಂತ ಮೊದಲೇ ಮಾತಾಡಿಕೊಂಡಿದ್ದೆವು. ಮೊದಲ ಸಲ ಗಮನಕ್ಕೇ ಬಂದಿರದ ಒಂದು ವಿಷಯ ಸಿಕ್ಕಿತು. ಸ್ಯಾಂಡ್‌ವಿಚ್ ತಿಂದು ಮುಗಿಸಿ ಅವಳು ನಾರ್ಮನ್‌ಗೆ, ತಾನೂ ಒಂದು ಬೋನಿಗೆ ಕಾಲಿಟ್ಟಿದ್ದೆ, ತಡವಾಗೋ ಮೊದಲು ಹಿಂದಿರುಗಿ ಹೋಗಿ ಅದರಿಂದ ಬಿಡಿಸಿಕೊಳ್ತೀನಿ ಅನ್ನೋ ಅರ್ಥದಲ್ಲಿ ಹೇಳ್ತಾಳೆ. ಸುಳ್ಳು ಹೆಸರು ಕೊಟ್ಟು ಕೋಣೆ ಹಿಡಿದಿದ್ದವಳು, ಆಗ ತನ್ನ ನಿಜವಾದ ಮನೆತನದ ಹೆಸರು ಹೇಳಿಬಿಡ್ತಾಳೆ. ಕೋಣೆಗೆ ಹೋಗಿ ಕೂತು ಕಾಗದದ ಮೇಲೆ ಲೆಕ್ಕ ಹಾಕ್ತಾಳೆ. ಕದ್ದದ್ದು 40,000 ಡಾಲರ್, ಕಾರು ಬದಲಾಯಿಸೋಕೆ ಖರ್ಚಾದದ್ದು 700. ಹಿಂದಿರುಗಿಸೋಕೆ ಎಷ್ಟು ಕಡಿಮೆ ಬೀಳುತ್ತೆ ಅಂತ. ಕಾಗದ ಹರಿದು ಟಾಯ್ಲೆಟ್ಟಿಗೆ ಹಾಕಿ ನೀರು ಬಿಡ್ತಾಳೆ. ಆಮೇಲೆ ಸ್ನಾನಕ್ಕೆ ನಿಲ್ತಾಳೆ. ಅವಳ ಮುಖ ಎಷ್ಟೋ ಹೊತ್ತಿನ ಮೇಲೆ ಹಗುರ ಆಗಿರುತ್ತೆ.

ಅಪ್ಪ ಅಲ್ಲಿ ಸಿನಿಮಾ ನಿಲ್ಲಿಸಿದರು. “ಹೋಗೋಳಿದ್ದಳಮ್ಮ ಇವಳು. ಬೆಳಿಗ್ಗೆ ಎದ್ದು ವಾಪಸ್ ಹೋಗೋಳಿದ್ದಳು” ಅಂದರು. ನಾನು ಅತ್ತೆ. ಈ ಸಲ ಭಯಕ್ಕಲ್ಲ.

ಆ ಹರಿದ ಕಾಗದದ ಒಂದು ಚೂರು ನೀರಿನಲ್ಲಿ ಹೋಗದೆ ಉಳಿದಿರುತ್ತೆ. ಕೊನೆಗೆ ತಂಗಿ ಲೀಲಾಗೆ ಅದೇ ಸಿಗೋದು. ಅಕ್ಕ ಇಲ್ಲಿಗೆ ಬಂದಿದ್ದಳು ಅನ್ನೋದಕ್ಕೆ ಆ ಚೂರು ಲೆಕ್ಕವೇ ಗುರುತು.

ಆಮೇಲೆ ಕಂಬಳಿಯ ದೃಶ್ಯ ಬಂತು. ಸಿಸ್ಟರ್ ಹೇಳಿದ ಪೊಲೀಸಿನವನನ್ನ ಈ ಸಲ ಗಮನಿಸಿದೆ. ನಾರ್ಮನ್ ನಗ್ತಾನೆ, ಆ ನಗುವಿನ ಮೇಲೆ ಒಂದು ಕ್ಷಣ ತಾಯಿಯ ತಲೆಬುರುಡೆ ಮೂಡುತ್ತೆ. ನಾನು ಸಿನಿಮಾ ಅಲ್ಲಿಗೇ ಮುಗೀತು ಅಂತ ನೆನಪಿಟ್ಟುಕೊಂಡಿದ್ದೆ. ಇಲ್ಲ. ಅದಾದ ಮೇಲೆ ಇನ್ನೊಂದು ಚಿತ್ರ ಇದೆ. ಕೆಸರುಮಡು. ಸರಪಳಿ ಬಿಗಿದು ಮೇರಿಯನ್‌ಳ ಕಾರನ್ನ ಹಿಂದಿನಿಂದ ಎಳೀತಿದ್ದಾರೆ. ಡಿಕ್ಕಿ ಇರೋ ಕಡೆ ಮೊದಲು ಮೇಲೆ ಬರ್ತಾ ಇದೆ.